ಅತ್ತೆ ಕೊಟ್ಟ ಮರದ ಅಚ್ಚು

ಚಿತ್ರಾಳಿಗೆ ಮೂರು ದಿನದಿಂದ ಒಂದೇ ಚಿಂತೆ: ನೂರು ವರ್ಷ ಹಳೆಯ ಮರದೊಳಗೆ ಯಾವ ಯಾವ ಕ್ರಿಮಿಗಳು ಸಂಸಾರ ಹೂಡಿರಬಹುದು?

ಮರವೆಂದರೆ ಸಂಕ್ರಾಂತಿಯ ಸಕ್ಕರೆ ಅಚ್ಚು ಎರೆಯುವ ಮರ. ಗಿಳಿ, ಆನೆ, ತುಳಸಿಕಟ್ಟೆಗಳನ್ನು ಕೆತ್ತಿದ ಸಾಗುವಾನಿಯ ಜೋಡಿ ತುಂಡುಗಳು. ಮೈಸೂರಿನಲ್ಲಿರುವ ಅತ್ತೆ ಕೃಷ್ಣಮ್ಮನವರು ತಮ್ಮ ಅತ್ತೆ ಗೌರಮ್ಮನವರಿಂದ ಬಂದದ್ದನ್ನು ರವಿಕೆ ಕಣದಲ್ಲಿ ಸುತ್ತಿ, ಈ ಸಲ ಅಮೆರಿಕದ ಹ್ಯಾರಿಸನ್ನಿಗೆ ಮರಳುತ್ತಿದ್ದ ಚಿತ್ರಾಳ ಸೂಟ್‌ಕೇಸಿನಲ್ಲಿಟ್ಟಿದ್ದರು. ಅಮೆರಿಕದಲ್ಲೇ ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ಹಿರಿಯ ಸೊಸೆ ರಮ್ಯಶ್ರೀಗೆ ಕೊಡದೆ ತನಗೇ ಕೊಟ್ಟರಲ್ಲ ಎಂಬ ಹೆಮ್ಮೆಯಲ್ಲಿ ಚಿತ್ರಾ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಘೋಷಣೆಯನ್ನೇ ಹೊರಡಿಸಿದ್ದಳು: "ಈ ಹಬ್ಬಕ್ಕೆ ಹ್ಯಾರಿಸನ್ನಿನಲ್ಲಿ ನಮ್ಮನೆ ಅಚ್ಚು. ಎಲ್ಲ ನಾನೇ." ರಮ್ಯಶ್ರೀ ಹೆಬ್ಬೆರಳೊಂದನ್ನು ಒತ್ತಿ ಸುಮ್ಮನಾಗಿದ್ದಳು. ಆ ಹೆಬ್ಬೆರಳಿನ ಅರ್ಥವೇನು ಎಂಬುದು ಚಿತ್ರಾಳ ಎರಡನೆಯ ಚಿಂತೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಅತ್ತೆ ಹೇಳಿದ್ದಂತೆ ಅಚ್ಚುಗಳನ್ನು ತಣ್ಣೀರಿನಲ್ಲಿ ನೆನೆಹಾಕಲು ಹೊರಟವಳಿಗೆ, ನಾಲ್ಕು ವರ್ಷದ ತನ್ವಿ ಇದರಲ್ಲಿ ಎರೆದದ್ದನ್ನು ತಿನ್ನುವವಳಲ್ಲವೇ ಎಂಬುದು ನೆನಪಾಯಿತು. ಡಿಶ್‌ವಾಷರ್‌ನ ಬಾಗಿಲು ತೆಗೆದಳು. ಗುಂಡಿಯ ಮೇಲೆ 'ಸ್ಯಾನಿಟೈಸ್' ಎಂದಿತ್ತು. ಆ ಪದ ಕಂಡರೆ ಅವಳಿಗೆ ದೇವರ ಪಟ ಕಂಡಷ್ಟೇ ಸಮಾಧಾನ.

ಎರಡು ಗಂಟೆಯ ಬಳಿಕ ನೋಡಿದರೆ, ಕ್ರಿಮಿಗಳು ಸತ್ತಿದ್ದವೋ ಇಲ್ಲವೋ, ಗಿಳಿಯಂತೂ ಉದ್ದಕ್ಕೂ ಸೀಳಿಹೋಗಿತ್ತು. ಆನೆಯ ಎರಡು ಹೋಳುಗಳು ಕರಿದ ಹಪ್ಪಳದಂತೆ ಡೊಂಕಾಗಿ, ಮಾತುಬಿಟ್ಟ ನೆಂಟರ ಹಾಗೆ ಒಂದೊಂದು ದಿಕ್ಕಿಗೆ ತಿರುಗಿ ಮಲಗಿದ್ದವು.

ಆದರೂ ರಬ್ಬರ್ ಬ್ಯಾಂಡ್ ಬಿಗಿದು ಸಕ್ಕರೆ ಪಾಕ ಸುರಿದಳು. ಅಚ್ಚಿನೊಳಗೆ ನಿಂತದ್ದಕ್ಕಿಂತ ಕೌಂಟರಿನ ಮೇಲೆ ಹರಿದದ್ದೇ ಹೆಚ್ಚು. ಆರಿದ ಮೇಲೆ ಬಿಚ್ಚಿದಾಗ ಬಂದ ಜೀವಿಗಳನ್ನು ಗಂಡ ನವನೀತ್ ತಟ್ಟೆಯ ಸುತ್ತ ತಿರುಗಿ ಪರಿಶೀಲಿಸಿದ.

"ಇದು ಆನೆ ತಾನೇ?"

"ಗಿಳಿ."

"ಓ. ಹಾಗಾದ್ರೆ ಗಡ್ಡ ಬಿಟ್ಕೊಂಡಿರೋದು?"

"ತುಳಸಿಕಟ್ಟೆ. ನಗಬೇಡ, ಹೇಳಿದೀನಿ."

"ನಗ್ತಿಲ್ಲ ಕಣೇ. ಅಮ್ಮನಿಗೆ ಒಂದು ಕಾಲ್ ಮಾಡು."

"ಮಾಡಿ ಏನನ್ಲಿ? ನೂರು ವರ್ಷದ್ದನ್ನ ಎರಡು ಗಂಟೇಲಿ ಮುಗಿಸಿದೆ ಅಂತಲಾ? ನನ್ನನ್ನ ನಂಬಿ ಕೊಟ್ಟಿದ್ರು. ಇನ್ನು ಒಂದು ಚಮಚಾನೂ ಕೊಡಲ್ಲ."

ತನ್ವಿ ಸ್ಟೂಲ್ ಹತ್ತಿ ಇಣುಕಿದಳು. "ಡೈನೋಸಾರ್ಸ್! ಅಮ್ಮಾ, ಕ್ಯಾನ್ ಐ ಈಟ್ ದ ಸ್ಯಾಡ್ ಒನ್?"

ಗಿಳಿ ಮಗಳ ಬಾಯಿ ಸೇರಿತು. ಚಿತ್ರಾ ಫೋನ್ ಹಿಡಿದು ಸೋಫಾದ ಮೂಲೆ ಸೇರಿದಳು. 'ಸ್ಟೋವ್ ಕೆಟ್ಟಿದೆ, ಅಚ್ಚು ಮಾಡೋಕಾಗಲಿಲ್ಲ' ಎಂದು ಟೈಪ್ ಮಾಡಿದಳು. ಅಳಿಸಿ, 'ತನ್ವಿಗೆ ಜ್ವರ' ಎಂದು ಬರೆದಳು. ಮಗುವಿನ ಮೇಲೆ ಸುಳ್ಳು ಜ್ವರ ಹೊರಿಸಿದರೆ ನಿಜವಾಗಿಯೂ ಬಂದುಬಿಟ್ಟೀತೆಂದು ಹೆದರಿ ಅದನ್ನೂ ಅಳಿಸಿದಳು. ಅಷ್ಟರಲ್ಲಿ ಅತ್ತೆಯ ಸಂದೇಶವೇ ಬಂತು: 'ಇಲ್ಲಿ ಹತ್ತೂವರೆ ಆಯ್ತಮ್ಮ. ಕಣ್ಣು ಎಳೀತಿದೆ. ನಿನ್ನ ಅಚ್ಚು ನೋಡಿಯೇ ಮಲಗ್ತೀನಿ.'

ಸುಳ್ಳೆಲ್ಲ ಅಲ್ಲಿಗೇ ಕರಗಿತು. ಚಿತ್ರಾ ಫೋನ್ ಮಾಡಿದಳು. ಅತ್ತೆ ಮೊದಲ ರಿಂಗಿಗೇ ಎತ್ತಿದರು. ಕ್ರಿಮಿಯಿಂದ ಹಿಡಿದು ಗಡ್ಡದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

"ಅಷ್ಟೇನಾ?" ಎಂದರು ಕೃಷ್ಣಮ್ಮ. "ನಾನು ಬೇಗ ಒಣಗಲಿ ಅಂತ ಒಲೆ ಪಕ್ಕ ಇಟ್ಟು, ನವಿಲನ್ನ ಪೂರ್ತಿ ಸುಟ್ಟಿದೀನಿ. ಮದುವೆಯಾದ ಮೊದಲನೇ ಸಂಕ್ರಾಂತಿ."

"ನವಿಲೂ ಇತ್ತಾ ಅತ್ತೆ?"

"ಇತ್ತಮ್ಮ. ಚೆನ್ನಾಗಿತ್ತು."

"ಗೌರಮ್ಮಜ್ಜಿ ಬೈಲಿಲ್ವಾ?"

ಕೃಷ್ಣಮ್ಮ ದನಿ ತಗ್ಗಿಸಿದರು. "ನಿಮ್ಮ ಮಾವ ಸುಟ್ರು ಅಂದೆ. ನಲವತ್ತು ವರ್ಷ ಆಯ್ತು, ಈಗ ಅವರೇ ನಂಬಿಬಿಟ್ಟಿದಾರೆ. ಅಳಬೇಡ ಸುಮ್ನಿರು. ಮೆಷಿನ್ನಿಗೆ ಹಾಕಿದ್ದು ನವನೀತ ಅಂತ ಗ್ರೂಪಲ್ಲಿ ಬರಿ, ಎಲ್ಲರ ಮುಂದೆ ಅವನಿಗೆ ನಾನೇ ಬೈತೀನಿ."