ಐದು ಮೀನಿಗೊಂದು ಜನರೇಟರ್

ನಮ್ಮ ಅತ್ತೆಗೆ ಒಬ್ಬ ಮಗ, ಒಬ್ಬಳು ಸೊಸೆ, ಐದು ಗೋಲ್ಡ್‌ಫಿಶ್. ಅವರ ಪ್ರೀತಿಯ ಪಾಳಿ ತಿಳಿಯಬೇಕೆಂದರೆ ಈ ಪಟ್ಟಿಯನ್ನು ಕೊನೆಯಿಂದ ಓದಬೇಕು. ಹಾಗಾದರೆ ಸೊಸೆಗೆ ಎರಡನೇ ಪಾಳಿ ಬಂತಲ್ಲ ಅನ್ನಬೇಡಿ. ನನ್ನನ್ನು ದಾಟಿ ನೇರ ಮಗನಿಗೆ ಹೋಗುವ ದಾರಿ ಅವರಿಗೆ ಚೆನ್ನಾಗಿ ಗೊತ್ತು!

ಹೌದು, ನನಗೆ ಮೀನುಗಳ ಮೇಲೆ ಹೊಟ್ಟೆಕಿಚ್ಚು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಹೇಳಿಕೊಂಡರೆ ನಗುತ್ತಾರೆಂದು ಇಲ್ಲಿ ಬರೆಯುತ್ತಿದ್ದೇನೆ. ಅತ್ತೆ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸು, ಮೀನಂತೂ ದೂರದ ಮಾತು! ಕಣ್ಣಿನ ಆಪರೇಷನ್ ಆದಮೇಲೆ ಹೊತ್ತು ಹೋಗಲೆಂದು ಮಗ ಗಾಜಿನ ತೊಟ್ಟಿ ತಂದಿಟ್ಟ. ಅದರ ಮುಂದೆ ಕುಳಿತವರು ಇನ್ನೂ ಎದ್ದಿಲ್ಲ. ಬೆಳಗ್ಗೆ ಕಾಳು ಹಾಕುತ್ತ, "ಉಂಡ್ಯೇನವಾ? ಹೊಟ್ಟಿ ತುಂಬ್ತ?" ಎಂದು ಒಂದೊಂದನ್ನೂ ವಿಚಾರಿಸುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನನ್ನು ಕೇಳಿದ್ದು, "ಭಾಂಡೆ ತಿಕ್ಕಿದ್ಯೇನ?" ಅಷ್ಟೇ!

ಕಳೆದ ಬೇಸಿಗೆಯ ತನಕ ಮೀನುಗಳು ಆರಿದ್ದವು. ಒಂದು ದಿನ ಗಾಳಿಗೆ ಕಂಬ ಬಿದ್ದು ಮುಂಜಾನೆಯಿಂದ ಸಂಜೆತನಕ ಕರೆಂಟ್ ಇಲ್ಲ. ಮುದಿ ಇನ್‌ವರ್ಟರ್ ಎರಡೇ ತಾಸಿಗೆ ಕೈ ಚೆಲ್ಲಿತು. ನೀರಿಗೆ ಗಾಳಿ ಊದುವ ಪಂಪ್ ನಿಂತಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು, ಸಂಜೆಗೆ ಒಂದು ತೇಲಿತು. ಅತ್ತೆ ಅದನ್ನು ದಾಸವಾಳದ ಬುಡದಲ್ಲಿ ಹೂತು ಎರಡು ದಿನ ಊಟ ಬಿಟ್ಟರು. ಮೂರನೇ ದಿನ ಸೆರಗು ಬಿಗಿದು, "ನಡಿ, ಜನರೇಟರ್ ನೋಡಾಕ ಹೋಗೂಣು" ಎಂದರು.

ಕಿತ್ತೂರಿನ ಅಂಗಡಿಯವನು ಕೇಳಿದ, "ಲೋಡ್ ಎಷ್ಟರಿ ಅಮ್ಮಾರ? ಬೋರ್ ಏನ್ರಿ, ಗಿರಣಿ ಏನ್ರಿ?"

"ಐದ ಮೀನ."

ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅಷ್ಟಕ್ಕ ಹೊಸಾ ಇನ್‌ವರ್ಟರ್ ಸಾಕಲ್ರಿ?"

"ಇನ್‌ವರ್ಟರ್ ಮನಿ ಮಂದಿಗಿ ಐತ್ರಿ. ಇದು ಮೀನಿಗಿ."

ಕೇಳಿದಿರಾ? ಮನೆ ಮಂದಿಗೆ ಮುದಿ ಇನ್‌ವರ್ಟರ್! ಅವನು ಹಗ್ಗ ಜಗ್ಗಿ ಯಂತ್ರ ಚಾಲೂ ಮಾಡಿದ. ಅತ್ತೆ ಸಂಗೀತ ಕೇಳುವವರಂತೆ ಕಣ್ಣು ಮುಚ್ಚಿ ನಿಂತರು. "ಬ್ಯಾಡ್ರಿ. ಇದು ಕೆಮ್ಮತೈತಿ."

ಸವದತ್ತಿಯದು ಕೆಮ್ಮಲಿಲ್ಲ, ಹೊಗೆ ಬಿಟ್ಟಿತು. ಅತ್ತೆ ಬಿಳಿ ಕರವಸ್ತ್ರವನ್ನು ಹೊಗೆ ಕೊಳವೆಗೆ ಹಿಡಿದು, ಮೂಡಿದ ಕರಿ ಕಲೆಯನ್ನು ಅಂಗಡಿಯವನಿಗೆ ತೋರಿಸಿದರು. "ಇದನ್ನ ನಿಮ್ಮ ಮಕ್ಕಳ ಮುಂದ ಹಚ್ಚತೀರೇನ್ರಿ?" ಅವನು ಪಾಪ, ಚಹಾ ತರಿಸಿದ. ಇವರು ಮುಟ್ಟಲಿಲ್ಲ.

ಕಡೆಗೆ ರಾಮದುರ್ಗ. ನನ್ನ ತವರೂರು! ನನ್ನನ್ನು ನೋಡಲು ಬಂದಾಗ ಇದೇ ಊರಿನಲ್ಲಿ ಅತ್ತೆ ಒಂದು ತಾಟು ಅವಲಕ್ಕಿ ತಿಂದು, "ಹುಡಿಗಿ ಅಡ್ಡಿಯಿಲ್ಲ" ಎಂದು ಬಸ್ಸಿಗೆ ಎದ್ದುಬಿಟ್ಟಿದ್ದರು. ನನ್ನ ಒಂದು ಹಾಡೂ ಕೇಳಲಿಲ್ಲ! ಜನರೇಟರಿನ ಹಾಡನ್ನು ಮಾತ್ರ ಒಂದು ತಾಸು ಕೇಳಿದರು, ಹತ್ತಿರದಿಂದ, ದೂರದಿಂದ, ಬಾಗಿಲು ಹಾಕಿಸಿ, ತೆಗೆಸಿ. ಪಕ್ಕದಲ್ಲಿ ನೀರಿನ ಬೋಗುಣಿ ಇಡಿಸಿ, ಅಲೆ ಏಳುತ್ತದೋ ಎಂದು ಬಗ್ಗಿ ನೋಡಿದರು. ಆಮೇಲೆ ಅಂದರು, "ಭಾಳ ಶಾಂತ ಐತಿ. ಗುಣಾನೂ ಛಲೋ ಐತಿ." ನನಗೆ ಈವರೆಗೆ ಸಿಗದ ಸರ್ಟಿಫಿಕೇಟು!

ತಂದಮೇಲೆ ಇಡುವುದೆಲ್ಲಿ? ಹೊಗೆ ಇರುವುದರಿಂದ ಒಳಗೆ ಬೇಡ. ಪಡಸಾಲೆಯ ಹೊರಗೆ ಇಟ್ಟರೆ ಮೀನು ಬೆದರುತ್ತವೆ. ಹಾಗಾಗಿ ಹಿತ್ತಲ ಮೂಲೆಗೆ, ನನ್ನ ಕೋಣೆಯ ಕಿಟಕಿಗೆ ನೇರವಾಗಿ ಇಡಿಸಿದರು. ನಮ್ಮ ಮನೆಯವರು ಮೆಲ್ಲಗೆ, "ಅವ್ವಾ, ಅಕಿಗಿ ಸಪ್ಪಳಾಗಂಗಿಲ್ಲೇನ?" ಎಂದು ಕೇಳಿದರು.

"ಅಕಿ ಗಟ್ಟಿ ಅದಾಳ" ಎಂದರು ಅತ್ತೆ.

ಈ ಶ್ರಾವಣದಲ್ಲಿ ಗಟ್ಟಿಗಿತ್ತಿಗೆ ಡೆಂಗ್ಯೂ ಬಂತು. ತಲೆ ಸೀಳುವ ನೋವು, ಎಲೆ ಅಲುಗಿದರೂ ಸಿಟ್ಟು. ಒಂದು ದಿನ ಹನ್ನೊಂದರ ಸುಮಾರಿಗೆ ಕರೆಂಟ್ ಹೋಗಿ, ಶಾಂತ ಗುಣದ ಆ ಯಂತ್ರ ಕಿಟಕಿಯಾಚೆ ಗುರುಗುಟ್ಟತೊಡಗಿತು. ಎರಡು ಸಲ "ಅಯ್ಯೋ" ಎಂದು ನರಳಿದ್ದು ನೆನಪಿದೆ. ಆಮೇಲೆ ನಿದ್ದೆ ಹತ್ತಿತು.

ಎಚ್ಚರಾದಾಗ ಮಧ್ಯಾಹ್ನ ಮೂರು ಗಂಟೆ. ಜನರೇಟರ್ ಸದ್ದಿಲ್ಲ. ಎಲ್ಲೋ ನೀರು ಸುರಿಯುವ ಸದ್ದು. ಗೋಡೆ ಹಿಡಿದು ಪಡಸಾಲೆಗೆ ಬಂದೆ. ಅತ್ತೆ ಸ್ಟೂಲಿನ ಮೇಲೆ ನಿಂತು, ತೊಟ್ಟಿಯ ನೀರನ್ನೇ ತಂಬಿಗೆಯಲ್ಲಿ ಮೊಗೆದು, ಕೈ ಎತ್ತಿ ಮೇಲಿಂದ ಸುರಿಯುತ್ತಿದ್ದರು. ನೀರಿನೊಳಗೆ ಗುಳ್ಳೆ ಏಳುತ್ತಿತ್ತು. ಮತ್ತೆ ಮೊಗೆಯುವುದು, ಮತ್ತೆ ಸುರಿಯುವುದು.

"ಜನರೇಟರ್ ಕೆಟ್ಟೈತೇನ್ರಿ ಅತ್ತಿ?"

"ಇಲ್ಲ. ಬಂದ್ ಮಾಡೇನಿ."

"ಯಾಕ್ರಿ?"

"ನೀ ಮಲಗಿದ್ದಿ."

"ಯಾವಾಗ ಬಂದ್ ಮಾಡಿದ್ರಿ?"

"ಹನ್ನೆರಡಕ್ಕ."

ಒಂದು ಮೀನು ಓರೆಯಾಗಿ ವಾಲುತ್ತಿತ್ತು. "ಚಾಲೂ ಮಾಡ್ತೇನ್ರಿ, ಸಾಯತೈತಿ" ಎಂದು ಹಿತ್ತಲಿಗೆ ಹೊರಟೆ. ಅತ್ತೆ ನನ್ನ ರಟ್ಟೆ ಹಿಡಿದರು. "ಸುಮ್ಮನ ಕುಂದರು. ನಾ ಅದೇನಿ."

ಕುಳಿತೆ. ನಾಲ್ಕಕ್ಕೆ ಕರೆಂಟ್ ಬಂತು, ಪಂಪ್ ಬುಳುಬುಳು ಎಂದಿತು. ವಾಲುತ್ತಿದ್ದ ಮೀನು ಮೆಲ್ಲಗೆ ನೆಟ್ಟಗಾಯಿತು. ಅತ್ತೆ ಸ್ಟೂಲಿನಿಂದ ಇಳಿದು ಬಂದು ಕೈ ಒರೆಸಿಕೊಳ್ಳದೆಯೇ ನನ್ನ ಹಣೆ ಮುಟ್ಟಿದರು. ನೀರಿನಲ್ಲಿ ನೆನೆದು ಬಿಳುಚಿ ಮುದುಡಿದ ಬೆರಳು, ಹಸಿ ಮೀನಿನ ವಾಸನೆ.

"ಇನ್ನೂ ಸುಡಾಕತ್ತೈತಿ" ಎಂದರು.

ಆ ಕೈ ಅಲ್ಲೇ ಇರಲೆಂದು ನಾನು ಕಣ್ಣು ಮುಚ್ಚಿ ಕುಳಿತೆ.