ಪರಿಣಾಮಕಾರಿ ದೋಣಿ

ಜಗತ್ತಿನಲ್ಲಿ ದಾನವನ್ನು ಪರಿಣಾಮಕಾರಿಯಾಗಿಸಿದ ಮೊದಲ ಮನುಷ್ಯ ನಾನು. ಇದನ್ನು ಕಣ್ಣಾರೆ ಕಂಡವರು ನಮ್ಮ ದತ್ತಿಸಂಸ್ಥೆಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು. ಇಬ್ಬರೂ ಕಾಲವಾಗಿದ್ದಾರೆ. ಆದ್ದರಿಂದ ನಾನು ಹೇಳಿದ್ದೇ ನಿಜ.

ಓದುಬರಹ ನನಗೆ ಬಾರದು. ಅಧ್ಯಕ್ಷರ ಕೋಣೆಯ ಬಾಗಿಲು ಕಾಯುವುದು ನನ್ನ ಹುದ್ದೆ. ಆದರೆ ನಾನು ಹೊರಗೆ ಕೆಮ್ಮಿದರೆ ಒಳಗೆ ಸಭೆ ನಿಲ್ಲುತ್ತಿತ್ತು.

ಒಂದು ದಿನ ಅಂಬಿಗನೊಬ್ಬ ಬಂದ. ಅವನ ದೋಣಿ ತೂತು. ಆಚೆ ದಡದ ಮಕ್ಕಳು ಊಟದ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತಲೇ ಶಾಲೆಗೆ ಬರುತ್ತಿದ್ದವು. ಹೊಸ ದೋಣಿ ಬೇಕೆಂದ.

“ಕೊಡೋಣ,” ಅಂದರು ಅಧ್ಯಕ್ಷರು. “ಪರಿಣಾಮ ಏನು?”

“ತೇಲುತ್ತೆ ಸ್ವಾಮಿ.”

“ತೇಲೋದು ಚಟುವಟಿಕೆ ಕಣಯ್ಯ. ಪರಿಣಾಮ ಹೇಳು.”

“ಮುಳುಗಲ್ಲ ಸ್ವಾಮಿ.”

ಇದನ್ನು ದಾಖಲಿಸಿಕೊಳ್ಳಲಾಯಿತು.

ದೋಣಿ ಮಂಜೂರಾಯಿತು. ಒಂದೇ ಷರತ್ತು: ಪರಿಣಾಮ ಅಳೆಯುವ ಪರಿಶೀಲಕರು ಪ್ರತಿ ಸಲವೂ ಅದರಲ್ಲಿ ಕೂರತಕ್ಕದ್ದು. ಪರಿಶೀಲಕರು ಕೂತರು. ಅವರನ್ನು ಪರಿಶೀಲಿಸುವವರು ಕೂತರು. ಇವರಿಗೆಲ್ಲ ಕೊಡೆ ಹಿಡಿಯುವವರೂ ಕೂತರು. ಮಕ್ಕಳು ದಡದಲ್ಲಿ ನಿಂತು ಟಾಟಾ ಮಾಡಿದವು. ವರದಿ ಬಂತು: ‘ದೋಣಿ ಸದಾ ಭರ್ತಿ. ಆದರೂ ಒಂದು ಮಗುವೂ ಹತ್ತಿಲ್ಲ. ಮಕ್ಕಳಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ. ದೋಣಿಯನ್ನು ಹಿಂಪಡೆಯತಕ್ಕದ್ದು.’

ಅಂಬಿಗ ಏದುಸಿರು ಬಿಡುತ್ತ ಓಡಿಬಂದ. “ಮಕ್ಕಳ ಓದು ನಿಂತೋಗುತ್ತೆ ಅಣ್ಣ,” ಅಂದ.

ನಾನು ನೇರ ಒಳಗೆ ನುಗ್ಗಿ ಮೇಜು ಗುದ್ದಿದೆ. “ಮಕ್ಕಳನ್ನೇ ಪರಿಶೀಲಕರನ್ನಾಗಿ ಮಾಡಿ. ಸಣ್ಣವು, ಜಾಗ ಕಮ್ಮಿ ಸಾಕು. ಕೊಡೆ ಹಿಡಿಯೋರೂ ಬೇಡ.”

ಗೋಡೆ ಗಡಿಯಾರ ನಿಂತುಬಿಟ್ಟಿತು. ಅಧ್ಯಕ್ಷರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು.

ಮರುದಿನವೇ ಪ್ರಕಟಣೆ: ‘ಆಚೆ ದಡದ ಸಮಸ್ತ ಮಕ್ಕಳನ್ನೂ ಪರಿಶೀಲಕರೆಂದು ನೇಮಿಸಲಾಗಿದೆ. ಇವರು ಬೆಳಿಗ್ಗೆ ಶಾಲೆಯವರೆಗೆ ಪರಿಶೀಲಿಸಿ, ಸಂಜೆ ಮನೆಯವರೆಗೆ ಪರಿಶೀಲಿಸತಕ್ಕದ್ದು. ಹಳೆಯ ಪರಿಶೀಲಕರು ಹಳೆಯ ದೋಣಿಯಲ್ಲಿ ಹಿಂಬಾಲಿಸತಕ್ಕದ್ದು.’

ಇಂದಿಗೂ ಹಾಗೇ ನಡೆದಿದೆ. ಮುಂದೆ ಮಕ್ಕಳು, ಹಿಂದೆ ಡಬ್ಬಿಯಲ್ಲಿ ನೀರು ಮೊಗೆಯುವ ಅಧಿಕಾರಿಗಳು. ಯಾರದೂ ದೂರಿಲ್ಲ.

ಮನೆಯಲ್ಲಿ ನಾನು ಇಷ್ಟು ಹೇಳಿ ಮುಗಿಸಿದಾಗ, ಬಟ್ಟೆ ಮಡಿಸುತ್ತ ಕೇಳುತ್ತಿದ್ದ ನನ್ನ ಸೊಸೆ ತಲೆ ಎತ್ತಿದಳು. ಅವಳು ಆ ಅಂಬಿಗನ ಮಗಳು ಅನ್ನುವುದು ಹೇಳುವ ಭರದಲ್ಲಿ ನನಗೆ ಮರೆತೇಹೋಗಿತ್ತು.

“ಮಾವ, ಆ ಉಪಾಯ ಹೇಳಿದ್ದು ನಮ್ಮಪ್ಪ. ನೀವು ಬಾಗಿಲಲ್ಲಿ ಸ್ಟೂಲ್ ಮೇಲೆ ಗೊರಕೆ ಹೊಡೀತಿದ್ರಂತೆ. ಅಪ್ಪ ನಿಮ್ಮ ಕಾಲು ದಾಟ್ಕೊಂಡು ಒಳಗೆ ಹೋದ್ರಂತೆ.”

ನಾನು ಭುಜ ಕುಣಿಸಿದೆ.

“ಇರಬಹುದಮ್ಮ. ಎಚ್ಚರ ಇದ್ದಿದ್ರೆ ನಾನು ಒಳಗೆ ಬಿಡ್ತಿದ್ನಾ?”