ಸಾಹೇಬರ ಪಾಮಿಗೆ ಕಾಮಣಿ

ಸೋಮವಾರ ಬೆಳಗ್ಗೆ ವಾಡಿಯ ಕಚೇರಿ ಬಾಗಿಲು ತೆಗೆದ ಅತೀಕನಿಗೆ ಮೊದಲು ಕಂಡದ್ದು ಒಂದು ಹಳದಿ ಎಲೆ. ಆಮೇಲೆ ಇನ್ನೊಂದು. ಆರನೆಯದನ್ನು ಎಣಿಸುವಷ್ಟರಲ್ಲಿ ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು.

ಕುಂಡದಲ್ಲಿದ್ದುದು ರಾಜರತ್ನ ಸಾಹೇಬರ ಪಾಮ್ ಗಿಡ. ಅದನ್ನು ಅವರು ಮಕ್ಕಳಿಗಿಂತ ಮುದ್ದಿನಿಂದ ಸಾಕುತ್ತಿದ್ದರು. ಹಾಗಂತ ಅವರ ಮಕ್ಕಳೇ ದೂರುತ್ತಿದ್ದರು. ಇಪ್ಪತ್ತು ದಿನದ ತರಬೇತಿಗೆ ಹೊರಟಾಗ ಸಾಹೇಬರು ಅತೀಕನನ್ನು ಕರೆದಿದ್ದರು.

"ಅತೀಕ, ನಿನ್ನ ಚಿಂಚೋಳಿ ವರ್ಗಾವಣೆ ಆರ್ಡರ್ ನನ್ನ ಟೇಬಲ್ ಮ್ಯಾಲೇ ಅದ. ವಾಪಸ್ ಬಂದ ದಿನಾನೇ ಬಿಡುಗಡೆ ವಿಚಾರ ಮುಗಸ್ತೀನಿ. ಅಲ್ಲಿತನಕ ಈ ಗಿಡ ನೋಡ್ಕೋ. ನೀರು ತಪ್ಪಬಾರದು, ಕುಂಡ ಅಲ್ಲಾಡಬಾರದು."

ಅತೀಕನ ಮನೆ ಚಿಂಚೋಳಿಯಲ್ಲಿ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ರೈಲಿನಲ್ಲಿ ಸೇಡಂ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ. ಸೋಮವಾರ ನಸುಕಿಗೆ ಅದೇ ದಾರಿಯಲ್ಲಿ ವಾಪಸ್. ಅವನು ಓಡಾಡಿದ ದಾರಿಯನ್ನು ಒಂದೇ ಸಮನೆ ಎಳೆದರೆ ಚಂದ್ರನನ್ನು ಮುಟ್ಟಿ, ಮರಳಿ ಬಂದು, ಚಿತ್ತಾಪುರ ಸ್ಟೇಶನ್ನಿನಲ್ಲಿ ಚಹಾ ಕುಡಿಯಬಹುದಿತ್ತು. ಅವನ ಬೆನ್ನು ರೈಲಿನ ಸೀಟಿನ ಆಕಾರಕ್ಕೇ ಬಂದಿತ್ತು. ಮಗಳು ಅಸ್ಫಿಯಾ ಬಾಗಿಲಲ್ಲಿ ಅವನನ್ನು ಕಂಡರೆ, "ಅಮ್ಮೀ, ಸಂಡೇ ಬಂತು!" ಎಂದು ಕೂಗುತ್ತಿದ್ದಳು. ಅಪ್ಪ ಬಂದ ಎಂದಲ್ಲ.

ಹಾಗಾಗಿ ಸಾಹೇಬರ ಮಾತನ್ನು ಅತೀಕ ಅಕ್ಷರಶಃ ಪಾಲಿಸಿದ್ದ. ಕುಂಡ ಅಲ್ಲಾಡಬಾರದೆಂದರೆ ಸಿಮೆಂಟು ಕಾರ್ಖಾನೆಯ ಊರಾದ ವಾಡಿಯವರಿಗೆ ಗೊತ್ತಿರುವುದು ಒಂದೇ ದಾರಿ. ಅಲ್ಲಿ ಗೇಟು ಅಲ್ಲಾಡಿದರೆ ಸಿಮೆಂಟು, ಕಟ್ಟೆ ಅಲ್ಲಾಡಿದರೆ ಸಿಮೆಂಟು. ಹಲ್ಲು ಅಲ್ಲಾಡಿದವನೂ ಒಂದು ಕ್ಷಣ ಮೇಸ್ತ್ರಿಯ ಕಡೆ ನೋಡಿಯೇ ಡಾಕ್ಟರ ಹತ್ತಿರ ಹೋಗುವುದು. ಅತೀಕ ರಾವೂರದ ಮೇಸ್ತ್ರಿ ರೇವಣಸಿದ್ದನನ್ನು ಕರೆಸಿ, ನೆಲದ ಶಹಾಬಾದ್ ಪರಸಿಕಲ್ಲಿನ ಮೇಲೆ ನಾಲ್ಕು ಬೆರಳು ದಪ್ಪ ಸಿಮೆಂಟು ಹಾಸಿಸಿ, ಕುಂಡವನ್ನು ಅದರಲ್ಲಿ ಒತ್ತಿ ಕೂರಿಸಿದ್ದ. ಭೂಮಿ ನಡುಗಿ ವಾಡಿ ಜಂಕ್ಷನ್ನೇ ಸೇಡಮ್ಮಿಗೆ ಸರಿದರೂ ಕುಂಡ ಸರಿಯುತ್ತಿರಲಿಲ್ಲ. ನೀರನ್ನೂ ದಿನಕ್ಕೆ ಎರಡು ತಂಬಿಗೆಯಂತೆ, ಒಂದು ದಿನವೂ ತಪ್ಪಿಸದೆ ಹಾಕಿದ್ದ. ರವಿವಾರದ ಪಾಲನ್ನು ಶನಿವಾರವೇ ಸುರಿದು ಹೋಗುತ್ತಿದ್ದ.

ಇವತ್ತು ನಾಲ್ಕು ಗಂಟೆಯ ಗಾಡಿಗೆ ಸಾಹೇಬರು ಬರುವವರಿದ್ದರು. ಗಿಡ ನೋಡಿದರೆ ಹೀಗೆ.

"ಕಾಮಣಿ ಆಗ್ಯಾದ ಇದಕ್ಕ," ಎಂದ ಜವಾನ ಅಂಬಾರಾಯ, ಎಲೆಯ ಬೆನ್ನು ತಿರುಗಿಸಿ ನೋಡಿ. "ನಮ್ಮ ಕಾಕಾಗೂ ಕಾಮಾಲಿ ಬಂದು ಹಿಂಗೇ ಹಳದಿ ಆಗಿತ್ತು. ಕಬ್ಬಿನ ಹಾಲು ಕುಡಿಸಿದ್ವಿ."

"ಕಾಕಾ ಹುಷಾರಾದ್ರಾ?"

"ಇಲ್ರಿ. ಆದ್ರ ಭಾಳ ಖುಷಿಲೇ ಹೋದ."

ಅತೀಕನಿಗೆ ವಾದಿಸುವ ತ್ರಾಣವಿರಲಿಲ್ಲ. ಅಂಬಾರಾಯ ಸ್ಟೇಶನ್ ಎದುರಿನ ಗಾಣದಿಂದ ಒಂದು ಜಗ್ ಕಬ್ಬಿನ ಹಾಲು ತಂದು ಸುರಿದ. ಹತ್ತು ನಿಮಿಷದಲ್ಲಿ ಕಲಬುರಗಿ ಜಿಲ್ಲೆಯ ಸಮಸ್ತ ಇರುವೆಗಳೂ ಕಚೇರಿಗೆ ಹಾಜರಾದವು. ಅರ್ಧದಷ್ಟು ಅತೀಕನ ಪ್ಯಾಂಟಿನೊಳಗೆ ಹೋಗಿ ಹಾಜರಿ ಹಾಕಿದವು.

ಟೈಪಿಸ್ಟ್ ಮುನಾಫ ಮೊಬೈಲು ಹಿಡಿದು ಬಂದ. "ತುದಿ ಸುಟ್ಟಾವ ನೋಡ್ರಿ ಅತೀಕಭಾಯಿ. ಇದು ಕಮಜೋರಿ, ಗಿಡಕ್ಕ ಶಕ್ತಿ ಇಲ್ಲ. ಚಹಾದ ನೀರು ಹಾಕ್ಬೇಕಂತ ವಿಡಿಯೋದಾಗ ಹೇಳ್ಯಾರ." ಚಹಾದಂಗಡಿಯ ಅರ್ಧ ಬಕೆಟ್ ಕರಿನೀರು ಕುಂಡ ಸೇರಿತು. ಸಹಿಗಾಗಿ ಬಂದು ಬೆಂಚಿನಲ್ಲಿ ಕೂತಿದ್ದ ಕೊಡ್ಲಿ ಊರಿನ ರೈತನೊಬ್ಬ ಎಲೆಯ ಮೇಲಿನ ಬಿಳಿಪುಡಿ ಕಂಡು, "ಇದು ಬೂದಿರೋಗರಿ, ಬೇವಿನ ನೀರು ಹೊಡೀರಿ," ಎಂದ. ಅಂಬಾರಾಯ ಹೊಡೆದ. ಅರ್ಧ ಎಲೆಗೆ, ಅರ್ಧ ಅತೀಕನ ಕಣ್ಣಿಗೆ.

ಹನ್ನೆರಡಕ್ಕೆ ಕುಂಡದಲ್ಲಿ ಎಮ್ಮೆ ಈಜಬಹುದಿತ್ತು. ಹಳದಿ ಎಲೆ ಒಂಬತ್ತಾಗಿದ್ದವು.

ಹೆಂಡತಿ ಶಗುಫ್ತಾ ಫೋನು ಮಾಡಿದಳು. "ಸಹಿ ಆಯ್ತೇನ್ರೀ? ಅಸ್ಫಿಯಾ ಸಾಲಿಯಾಗ ಎಲ್ಲರ ಮುಂದೂ ಹೇಳ್ಯಾಳ, ನಾಳಿಂದ ನಮ್ಮ ಅಬ್ಬಾ ದಿನಾ ಮನ್ಯಾಗೇ ಇರ್ತಾರಂತ."

"ಆಗ್ತದ," ಎಂದ ಅತೀಕ, ಒಂದು ಕಣ್ಣು ಮುಚ್ಚಿಕೊಂಡು, ಖಾಲಿ ಕೈಯಿಂದ ತೊಡೆ ಕೆರೆಯುತ್ತ.

ಮುನಾಫ ಸಾಹೇಬರ ಟೇಬಲ್ಲಿನಿಂದ ಹಸಿರು ಇಂಕಿನ ಬಾಟಲಿ ಎತ್ತಿಕೊಂಡು ಬಂದ. "ಹಚ್ಚಿಬಿಡೂಣೇನ್ರಿ? ಒಂಬತ್ತು ಎಲಿ ಅಷ್ಟೇ."

"ಇಡೋ ಮಾರಾಯಾ! ಅದೇ ಇಂಕಿನಾಗ ನನ್ನ ಬಿಡುಗಡೆ ಅದ!"

ಆಗ ಕಸ ಗುಡಿಸುವ ತುಳಜಾಬಾಯಿ ಸಿಟ್ಟಿನಿಂದ ಒರೆಸುವ ಬಟ್ಟೆ ಬಿಸಾಕಿದಳು. ಮುಂಜಾನೆಯಿಂದ ಇರುವೆ ಬಳಿದು ಅವಳ ಸೊಂಟ ಬಿದ್ದುಹೋಗಿತ್ತು.

"ಶಾಣ್ಯಾರದೀರಿ, ಒಂದು ಮಾತು ಕೇಳ್ತೀನಿ. ಇಷ್ಟು ನೀರು ಹಾಕ್ಲಿಕತ್ತೀರಿ, ಅದು ಹೊರಗ ಎಲ್ಲಿಂದ ಬರ್ತದ? ಮೊದಲೆಲ್ಲಾ ದಿನಾ ಕುಂಡದ ಬುಡ ವರಸ್ತಿದ್ದೆ. ಇಪ್ಪತ್ತು ದಿನ ಆಯ್ತು, ಅಲ್ಲಿ ಒಂದು ಹನಿ ವರಸಿಲ್ಲ."

ಎಲ್ಲರೂ ಕುಂಡದ ಬುಡ ನೋಡಿದರು. ಸಿಮೆಂಟು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಜಗತ್ತಿನ ಯಾವ ತೂತೂ ಅದರ ಮುಂದೆ ಬಾಯಿ ತೆರೆಯಲಾರದು. ಗಿಡ ಇಪ್ಪತ್ತು ದಿನದಿಂದ ಹಳೆ ನೀರಿನಲ್ಲಿ ಕುತ್ತಿಗೆಮಟ್ಟ ನಿಂತಿತ್ತು.

ಎರಡೂವರೆಗೆ ರೇವಣಸಿದ್ದ ಸುತ್ತಿಗೆ, ಚಾಣ ಹಿಡಿದು ಬಂದ. "ನನ್ನ ಕೆಲಸ ಒಡಿಯೂದಂದ್ರ ತಮಾಷಿ ಅಲ್ರಿ," ಎಂದು ಮೀಸೆ ತಿರುವಿದ. ತಮಾಷೆಯಾಗಿರಲಿಲ್ಲ. ಪರಸಿಯೂ ಒಡೆಯಿತು, ನೆಲದಲ್ಲಿ ಗುಂಡಿಯೂ ಬಿತ್ತು, ಕೊನೆಗೆ ಕುಂಡ ಎದ್ದಾಗ ಹೊರಟ ವಾಸನೆಗೆ ಕೊಡ್ಲಿಯ ರೈತ ಸಹಿ ಬೇಡವೆಂದು ಎದ್ದು ನಡೆದ. ತುಳಜಾಬಾಯಿ ಹೇಳಿದಂತೆ ಅತೀಕ ಗಿಡವನ್ನು ಹೊರಗೆಳೆದು ಕೊಳೆತ ಕರಿಬೇರು ಕತ್ತರಿಸಿದ, ತೂತಿನ ಸಿಮೆಂಟು ಕೆದರಿದ, ಉಸುಕು ಬೆರೆಸಿದ ಒಣಮಣ್ಣು ತುಂಬಿದ, ಹಳದಿ ಎಲೆ ತೆಗೆದ. ಉಳಿದ ಐದು ಎಲೆಗಳನ್ನು ಶಗುಫ್ತಾ ಮಡಚಿಟ್ಟಿದ್ದ ಕರ್ಚೀಪಿನಿಂದ ಒಂದೊಂದಾಗಿ ಒರೆಸಿದ. ಬೂದಿರೋಗವೆಂಬುದು ಊರಿನ ಧೂಳಾಗಿತ್ತು. ಅದರ ಕೆಳಗೆ ಎಲೆ ಗಿಣಿಯಂತೆ ಹಸಿರಾಗಿತ್ತು. ನಡುವೆ ಸೂಜಿಯಷ್ಟು ಹೊಸ ಸುಳಿಯೂ ಇತ್ತು.

ಅತೀಕ ನೆಲದ ಮೇಲೇ ಕೂತುಬಿಟ್ಟ. ಹನ್ನೊಂದು ವರ್ಷದ ದಣಿವು ಒಂದೇ ಸಲಕ್ಕೆ ಬಂದು ಅವನ ಮಗ್ಗುಲಲ್ಲಿ ಕೂತಿತು.

ಸಾಹೇಬರು ಬಂದವರೇ ಚೀಲವನ್ನೂ ಇಳಿಸದೆ ಗಿಡದ ಮುಂದೆ ನಿಂತರು. ಎಲೆ ಸವರಿದರು. ಸುಳಿ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅತೀಕ, ಇಲ್ಲಿತನಕ ನಾಲ್ಕು ಊರು, ನಾಲ್ಕು ಪಾಮ್. ಪ್ರತಿ ಸಲ ರಜಾ ಹೋಗಿ ಬಂದ್ರ ಬರೇ ಕಡ್ಡಿ ಸಿಗ್ತಿತ್ತು. ಜೀವಂತ ಸಿಕ್ಕಿದ್ದು ಇದೊಂದೇ."

"ಸರ್, ಬಿಡುಗಡೆ..."

"ಅದೇ ಹೇಳ್ಲಿಕತ್ತೀನಿ. ಇದೂ ಸತ್ತಿದ್ರ ನಿಂತ ಕಾಲ ಮ್ಯಾಲೆ ನಿನ್ನ ಕಳಿಸಿಬಿಡೂದು ಅಂತ ಗಾಡ್ಯಾಗೇ ಠರಾಯಿಸಿದ್ದೆ. ಆದ್ರ ಇಂಥಾ ಮನಷ್ಯಾನ್ನ ಯಾರಾದ್ರೂ ಬಿಡ್ತಾರೇನು?" ಎಂದು ಹಸಿರು ಪೆನ್ನು ತೆಗೆದು, ಆರ್ಡರಿನ ಅಂಚಿನಲ್ಲಿ ದುಂಡಗೆ ಬರೆದರು: 'ಕಚೇರಿಗೆ ಅನಿವಾರ್ಯ. ಬಿಡುಗಡೆ ಸಾಧ್ಯವಿಲ್ಲ.'

ಹೊರಗೆ ರೇವಣಸಿದ್ದ ನೆಲದ ಗುಂಡಿ ಮುಚ್ಚಲು ಬುಟ್ಟಿಯಲ್ಲಿ ಸಿಮೆಂಟು ಕಲಸುತ್ತಿದ್ದ. ಅತೀಕ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. ಪಾಮ್ ಕಡೆ ಒಮ್ಮೆ ನೋಡಿದ. ದನಿ ಸಣ್ಣದು ಮಾಡಿದ.

"ಮೇಸ್ತ್ರಿ, ಕುಂಡದ ತೂತಿಗೆ ಆಗೋವಷ್ಟು ಉಳೀತದೇನು?"

"ಎಲ್ಲೀದ್ರಿ?" ಎಂದ ರೇವಣಸಿದ್ದ, ಕರಣೆ ಝಾಡಿಸುತ್ತ. "ಉಳಿದಿದ್ದೆಲ್ಲಾ ನಿಮ್ಮ ಕುರ್ಚಿ ಕಾಲಿಗೇ ಬೇಕು. ಗಿಡದ ಮಗ್ಗಲಾಗೇ ಕುಂದರಸು, ಅಲ್ಲಾಡಬಾರದು ಅಂತ ಈಗಷ್ಟೇ ಹೇಳ್ಯಾರ ಸಾಹೇಬ್ರು."